ಡಕ್ಟಿನ ನೆರಳು

ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಕಟ್ಟಡ. ಐದನೇ ಮಹಡಿಯಲ್ಲಿ ಹೊಸ ಆಫೀಸು ಸಿದ್ಧವಾಗುತ್ತಿತ್ತು. ಸ್ಪ್ರಿಂಕ್ಲರ್, ಅಂದರೆ ಬೆಂಕಿ ಬಿದ್ದಾಗ ಮೇಲಿನಿಂದ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆಯ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಫಾಲ್ಸ್ ಸೀಲಿಂಗ್ ಇರಲಿಲ್ಲ. ತಲೆ ಎತ್ತಿದರೆ ಸ್ಲ್ಯಾಬು, ಎಸಿ ಡಕ್ಟು, ಕೇಬಲ್ ಟ್ರೇ, ತೂಗುಬಿಟ್ಟ ಉದ್ದುದ್ದ ದೀಪಗಳು ಎಲ್ಲವೂ ಕಾಣುತ್ತಿದ್ದವು. ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ನಮ್ಮ ಕೆಲಸದವರಿಗೆ ಇದು ಕಷ್ಟದ ಜಾಗ.

ಬಿಸಿಗಾಳಿ ಮೊದಲು ಸೇರುವುದು ಸ್ಲ್ಯಾಬಿನ ಕೆಳಗೆ. ನೀರು ಚಿಮ್ಮುವ ಹೆಡ್ಡಿನ ಬಾಯಿ ಮುಚ್ಚಿರುವ ಕೆಂಪು ಗಾಜಿನ ಬಲ್ಬು 68 ಡಿಗ್ರಿಗೆ ಒಡೆಯಬೇಕಾದರೆ ಆ ಬಿಸಿ ಅದಕ್ಕೆ ಬೇಗ ತಾಗಬೇಕು. ಹಾಗಾಗಿ ಸಪಾಟು ಸ್ಲ್ಯಾಬಿನಿಂದ 12 ಇಂಚಿಗಿಂತ ಕೆಳಗೆ ಹೆಡ್ಡು ಇಳಿಸುವ ಹಾಗಿಲ್ಲ. ಮೇಲೇ ಇಟ್ಟರೆ ಡಕ್ಟು, ಟ್ರೇ ಎಲ್ಲ ಅದಕ್ಕಿಂತ ಕೆಳಗೆ ಬರುತ್ತವೆ. ನೀರು ಅವುಗಳ ಬೆನ್ನಿನ ಮೇಲೆ ಬೀಳುತ್ತದೆ.

ಆವತ್ತು ಡ್ರಾಯಿಂಗ್ ಹಿಡಿದು ಒಂದೊಂದೇ ಹೆಡ್ಡು ಎಣಿಸುತ್ತಿದ್ದೆ. ಎಲ್ಲಿಯೂ ಎರಡು ಹೆಡ್ಡುಗಳ ನಡುವೆ 15 ಅಡಿ ದಾಟಿರಲಿಲ್ಲ. ಎಲ್ಲ ಸರಿಯಿದೆ ಎಂದೇ ಅಂದುಕೊಂಡೆ. ನಮ್ಮ ಫಿಟ್ಟರ್ ಕಲಬುರಗಿ ಕಡೆಯವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. "ಸರ, ಡ್ರಾಯಿಂಗ್ ಆಮ್ಯಾಲೆ ನೋಡ್ರಿ. ಒಮ್ಮಿ ಮ್ಯಾಲೆ ಹತ್ರಿ" ಅಂದರು.

ಸ್ಕಾಫೋಲ್ಡಿಂಗ್ ಹತ್ತಿ, ಅವರು ಹೇಳಿದ ಹಾಗೆ ಮೊಬೈಲ್ ಟಾರ್ಚನ್ನು ಹೆಡ್ಡಿನ ಪಕ್ಕ ಹಿಡಿದೆ. ಡಕ್ಟಿನ ನೆರಳು ಕೆಳಗೆ ಒಂದು ಇಡೀ ಸಾಲು ಟೇಬಲ್ಲುಗಳ ಮೇಲೆ ಬಿತ್ತು. ಪಕ್ಕದ ಹೆಡ್ಡಿನಿಂದ ಹಿಡಿದರೂ ಅಲ್ಲೇ ಕತ್ತಲೆ. ಬೆಳಕು ತಲುಪದ ಕಡೆ ನೀರೂ ತಲುಪದೇ ಹೋಗಬಹುದು. ನನಗೆ ಎದೆ ಝಲ್ಲೆಂದಿತು.

ಟೇಪು ಹಿಡಿದು ಅಳೆದೆವು. ನನ್ನ ಡ್ರಾಯಿಂಗಿನಲ್ಲಿ 3 ಅಡಿ ಇದ್ದ ಡಕ್ಟು ಸೈಟಿನಲ್ಲಿ 5 ಅಡಿ ಅಗಲವಾಗಿತ್ತು. ಜನ ಓಡಾಡುವ ಕಡೆ ಎತ್ತರ ಸಾಲದೆ ಅದನ್ನು ಚಪ್ಪಟೆ ಮಾಡಿ ಅಗಲ ಹೆಚ್ಚಿಸಿದ್ದರು. ಬದಲಾದ ಡ್ರಾಯಿಂಗ್ ನಮಗೆ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ.

ನೀರು ಬೆಳಕಿನ ಹಾಗೆ ನೇರ ಹೋಗುವುದಿಲ್ಲ. ಬಿಡಿಸಿದ ಕೊಡೆಯ ಹಾಗೆ ಬಾಗುತ್ತಾ ಬೀಳುತ್ತದೆ. ಅದಕ್ಕೇ ಟಾರ್ಚು ಸಂಶಯ ಹುಟ್ಟಿಸುವುದಕ್ಕೆ ಮಾತ್ರ, ತೀರ್ಮಾನಕ್ಕೆ ನಿಯಮವೇ ಬೇಕು. ನಾವು ಅನುಸರಿಸುವ, ಸ್ಪ್ರಿಂಕ್ಲರ್ ಅಳವಡಿಕೆಯ ಅಮೆರಿಕದ ನಿಯಮಾವಳಿ ಎನ್‌ಎಫ್‌ಪಿಎ 13ರ ಪ್ರಕಾರ 4 ಅಡಿಗಿಂತ ಅಗಲದ ಡಕ್ಟಿದ್ದರೆ ಅದರ ಅಡಿಯಲ್ಲೂ ಹೆಡ್ಡು ಬೇಕು. ಅಡ್ಡ ಬರುವುದು ತೆಳ್ಳಗಿನ ಪೈಪಾದರೆ ಲೆಕ್ಕ ಬೇರೆ. 4 ಇಂಚಿನ ಪೈಪಾದರೆ ಸಾಮಾನ್ಯ ಹೆಡ್ಡು ಅದರಿಂದ ಕನಿಷ್ಠ ಮೂರು ಪಟ್ಟು, ಅಂದರೆ 12 ಇಂಚು ದೂರ ಇರಬೇಕು.

ಡಕ್ಟಿನ ಕೆಳಗೆ ಪೈಪು ಬಂದರೆ ನೋಟ ಕೆಡುತ್ತದೆ ಎಂದು ಆಫೀಸಿನವರು ಒಪ್ಪಲಿಲ್ಲ. ನಾನು ಅವರನ್ನು ಆ ಸಾಲಿಗೇ ಕರೆದುಕೊಂಡು ಹೋದೆ. ಪ್ರತಿ ಟೇಬಲ್ಲಿನ ಅಡಿಯಲ್ಲೂ ಪ್ಲಗ್ ಪಾಯಿಂಟು, ವೈರಿನ ಗಂಟು ಬರುತ್ತದೆ. ಬೆಂಕಿ ಹತ್ತುವುದು ಇಂಥ ಕಡೆಯೇ ಅಲ್ವಾ? ನೀರು ಬಾರದ ಜಾಗದಲ್ಲಿ ಹತ್ತು ಜನರನ್ನು ಕೂರಿಸುತ್ತೀರಾ ಎಂದು ಕೇಳಿದೆ. ಆಮೇಲೆ ಒಪ್ಪಿದರು. ಪೈಪಿಗೆ ಕಪ್ಪು ಬಣ್ಣ ಬಳಿಯಿರಿ, ಆದರೆ ಹೆಡ್ಡಿಗೆ ಒಂದು ಹನಿಯೂ ತಾಗಬಾರದು ಎಂದೆ. ಬಣ್ಣ ತಾಗಿದ ಹೆಡ್ಡನ್ನು ಒರೆಸಿ ಬಳಸುವ ಹಾಗಿಲ್ಲ, ಬದಲಾಯಿಸಲೇಬೇಕು.

ಲೈನಿನ ನೀರು ಖಾಲಿ ಮಾಡಿ, ಹೊಸ ಪೈಪು ಇಳಿಸಿ, ಮತ್ತೆ ಸುಮಾರು 14 ಬಾರ್ ಒತ್ತಡದಲ್ಲಿ 2 ಗಂಟೆ ಟೆಸ್ಟ್ ಮಾಡುವ ಕೆಲಸವಿತ್ತು. ಅದಕ್ಕೂ ಮೊದಲು ಜಾಗ ಗುರುತು ಹಾಕಬೇಕಿತ್ತು. ನಾನು ಡಕ್ಟಿನ ಅಡಿಯಲ್ಲಿ ಟಾರ್ಚು ಹಿಡಿದೆ. ಫಿಟ್ಟರ್ ಟೇಬಲ್ಲಿಂದ ಟೇಬಲ್ಲಿಗೆ ನಡೆಯುತ್ತಾ "ಬೆಳಕ ಬಂತ್ರಿ" ಎನ್ನುತ್ತಾ ಹೋದರು. ಕೊನೆಯ ಟೇಬಲ್ಲಿನ ಹತ್ತಿರ ನಿಂತರು.

"ಇಲ್ಲಿ ಇಲ್ರಿ ಸರ."

ತೂಗುಬಿಟ್ಟ ದೀಪ ಅಡ್ಡ ಬಂದಿತ್ತು. ದೀಪದವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮರುದಿನ ಬೆಳಗ್ಗೆ ಅವರು ಅದನ್ನು ಒಂದೂವರೆ ಅಡಿ ಸರಿಸಿದರು.