ಬೀಗದ ಕೈ ಬ್ಯಾಗಲ್ಲೇ ಇಟ್ಕೊಂಡು ಸತ್ತ ಸೋದರಮಾವ

ಮೊನ್ನೆ ಶನಿವಾರ ರಾತ್ರಿ ಊಟ ಮುಗಿಸಿ, ಒಂದೇ ಒಂದು ಜನ್ಮ ಆಡಿ ಮಲಗ್ತೀನಿ ಅಂತ ಕೂತೆ. ಆನ್‌ಲೈನ್ ಗೇಮ್ ಇದು, ಹೆಸರು ಒನ್ ಅವರ್ ಒನ್ ಲೈಫ್, ಜೇಸನ್ ರೋರರ್ ಅನ್ನೋರು 2018ರಲ್ಲಿ ಬಿಟ್ಟಿದ್ದು. ಇದ್ರಲ್ಲಿ ಒಂದು ನಿಮಿಷ ಅಂದ್ರೆ ಒಂದು ವರ್ಷ, ಎಷ್ಟೇ ಜೋಪಾನ ಮಾಡಿದ್ರೂ 60ಕ್ಕೆ ಸಾವು, ಹುಟ್ಟೋದು ಬೇರೆ ಯಾರೋ ಆಡ್ತಿರೋ ಹೆಂಗಸಿನ ಮಗುವಾಗಿ. ಕೂಸಾಗಿದ್ದಾಗ ಮಾತೂ ಟೈಪ್ ಆಗಲ್ಲ, ಹಸಿವಾದ್ರೆ ಫುಡ್ ಅನ್ನೋಕೆ ಬರೀ 'ಎಫ್' ಅಂತ ಒತ್ತಿ ಅಮ್ಮ ಎತ್ಕೊಳ್ತಾಳಾ ಅಂತ ಕಾಯ್ತಾ ಕೂರ್ಬೇಕು.

ಆವತ್ತು ನಾನು ಗಂಡು. ಅಮ್ಮ ಬೇಕರಿ ಹತ್ರ ಪೈ ಮಾಡ್ತಿದ್ಲು, ಅವಳ ಅಣ್ಣ ಕಮ್ಮಾರ. ಸ್ವಲ್ಪ ದೊಡ್ಡವನಾದ್ಮೇಲೆ ನಾನು ಅವನ ಹಿಂದೇನೇ ತಿರುಗ್ತಿದ್ದೆ. ಕೊಡಲಿ, ಸಲಿಕೆ, ಗುದ್ದಲಿ ಎಲ್ಲಾ ಒಂದು ಕೋಣೇಲಿಟ್ಟು ಬೀಗ ಹಾಕಿದ್ದ, ಯಾಕಂದ್ರೆ ಸುಮ್ನೆ ಕಿರಿಕ್ ಮಾಡೋಕೆ ಅಂತಾನೇ ಹುಟ್ಟಿ ಬಂದು ಊರಿನ ಸಾಮಾನು ಕಾಡಿಗೆಸೆದು ಹೋಗೋ ಮಹಾನುಭಾವರು ಇರ್ತಾರೆ. ಕೂದಲು ಬೆಳ್ಳಗಾದಾಗ ಮಾವ ನನ್ನನ್ನ, ಒಡೆಯರಿಗಷ್ಟೇ ತೆರೆಯೋ ಬೇಲಿ ಗೇಟ್ ಹತ್ರ ಕರ್ಕೊಂಡು ಹೋಗಿ 'ಇದು ನಿಂದು' ಅಂತ ಟೈಪ್ ಮಾಡಿದ, ಗೇಟ್ ನನಗೂ ತೆರೀತು. ಆಮೇಲೆ ಆ ಕೋಣೆಯ ಕೀ ನನ್ನ ಕಾಲ ಹತ್ರ ಇಟ್ಟ. ಅಷ್ಟೇ. ಎರಡು ನಿಮಿಷಕ್ಕೆ ಸತ್ತೇಹೋದ. ನಿಜ ಹೇಳ್ತೀನಿ, ಗಂಟಲು ಕಟ್ಟಿದ ಹಾಗಾಯ್ತು, ಅವನ್ಯಾರೋ ಯಾವ ದೇಶದವನೋ.

ಇಲ್ಲಿ ಒಂದು ವಿಷ್ಯ ಇದೆ ನೋಡಿ. ಈ ಗೇಮಲ್ಲಿ ಅಪ್ಪ ಅನ್ನೋನೇ ಇಲ್ಲ, ವಂಶ ನಡೆಯೋದು ತಾಯಿ ಕಡೆಯಿಂದ. ಹಾಗಾಗಿ ಮೌಸ್ ಇಟ್ಟಾಗ 'ಅಂಕಲ್' ಅಂತ ತೋರಿಸೋರೆಲ್ಲಾ ಸೋದರಮಾವಂದಿರೇ! ಗಂಡಸು ಸಂಪಾದನೆ ಮಾಡಿದ್ದು ಯಾರಿಗೆ ಹೋಗ್ಬೇಕು? ಅಕ್ಕತಂಗೀರ ಮಕ್ಕಳಿಗೆ. ನಾವು ತುಳುನಾಡಿನವರು, ನಮ್ಮನೇಲಿ ಅಳಿಯಕಟ್ಟು ಅಂತ ಇದನ್ನೇ ಹೇಳ್ತಿದ್ರು, ಭೂತಾಳ ಪಾಂಡ್ಯ ಅನ್ನೋ ರಾಜ ಮಾಡಿದ ಕಟ್ಟು ಅಂತ ಕಥೇನೂ ಇದೆ. ಚಿಕ್ಕವನಿದ್ದಾಗ ಅರ್ಥ ಆಗದ ವಿಷ್ಯ ಅಮೆರಿಕದವನ ಗೇಮಲ್ಲಿ ಅರ್ಥ ಆಯ್ತು.

ನನಗೂ ತಂಗಿ ಮಗಳೊಬ್ಬಳಿದ್ಲು, ಚುರುಕು ಹುಡುಗಿ, ಕಬ್ಬಿಣ ಕಾಯಿಸೋದು ಬೇಗ ಕಲಿತ್ಲು. 55 ಆಗ್ಲಿ ಕೊಡ್ತೀನಿ, ಈಗ್ಲೇ ಏನು ಅವಸರ ಅಂತಿದ್ದೆ. 48ಕ್ಕೆ ಕಬ್ಬಿಣದ ಅದಿರು ತರೋಕೆ ಅಂತ ದೂರ ಹೋದೆ, ಬಂಡೆ ಪಕ್ಕ ಹಾವಿತ್ತು, ನೋಡ್ಲೇ ಇಲ್ಲ, ಕಚ್ತು, ಮುಗೀತು. ಕೀ ಬೆನ್ನಿಗಿದ್ದ ಬ್ಯಾಗಲ್ಲಿ, ಬ್ಯಾಗ್ ಸಮಾಧಿಯಲ್ಲಿ, ಸಮಾಧಿ ಯಾರೂ ಬರದ ಜಾಗದಲ್ಲಿ.

ಗೇಟಿಗಾದ್ರೂ ಒಡೆಯ ಯಾರು ಅಂತ ಒಂದು ಲೆಕ್ಕ ಇದೆ, ಕೀ ಬರೀ ಒಂದು ಸಾಮಾನು, ಯಾರ ಕೈಲಿದ್ರೆ ಅವರದ್ದು, ಕಳೆದ್ರೆ ಕಳೀತು. ಬ್ಯಾಂಕಲ್ಲಿ ಹಾಕ್ತೀವಲ್ಲ ನಾಮಿನಿ, ಈ ಗೇಮಿಗೂ ಅದೇ ಸಾಕು ನನ್ನ ಪ್ರಕಾರ. 30 ವರ್ಷದವನಿದ್ದಾಗಲೇ ಒಬ್ಬರ ಪಕ್ಕ ನಿಂತು 'ನಾನಾದ್ಮೇಲೆ ಇವಳಿಗೆ' ಅಂದುಬಿಟ್ರೆ, ಸತ್ತ ಕ್ಷಣಕ್ಕೆ ಗೇಟು ಅವಳ ಹೆಸರಿಗಾಗ್ಬೇಕು, ಕೀ ಎಲ್ಲಿ ಬಿದ್ದಿದೆ ಅಂತ ಅವಳಿಗೊಬ್ಬಳಿಗೆ ಬಾಣದ ಗುರುತು ಕಾಣ್ಬೇಕು. ಕೀ ತಾನಾಗಿ ಅವಳ ಕೈಗೆ ಹಾರಿ ಬರೋದು ಮಾತ್ರ ಬೇಡ ಮಾರಾಯ್ರೆ, ಹೋಗಿ ತರ್ಲಿ, ದಾರೀಲಿ ಹಾವಿದೆ ಅಂತಾನಾದ್ರೂ ಗೊತ್ತಾಗುತ್ತೆ. ನಾಮಿನಿ ಹೇಳದೇ ಸತ್ರೆ ಅಳಿಯಕಟ್ಟಿನ ಪ್ರಕಾರ ತಂಗಿ ಮಕ್ಕಳಲ್ಲಿ ಹಿರಿಯರಿಗೆ. ಇದಕ್ಕೆ ಜಗಳ ಆಗಲ್ವಾ ಅಂದ್ರೆ, ಆಗುತ್ತೆ. ನಮ್ಮ ಕುಟುಂಬದ ಮನೆ ವಿಷ್ಯದಲ್ಲೂ ಆಗಿತ್ತು, ಅದು ಬೇರೆ ಕಥೆ.

ಗಂಟೆ ಒಂದೂವರೆ ಆಗಿತ್ತು, ಆದ್ರೂ ನಿದ್ದೆ ಬರ್ಲಿಲ್ಲ. ಈ ಗೇಮಿಗೆ ವಂಶವೃಕ್ಷದ ಪುಟ ಇದೆ, ಯಾರು ಹೇಗೆ ಸತ್ರು, ಕೊನೇ ಮಾತೇನು ಎಲ್ಲಾ ಸಿಗುತ್ತೆ. ಮರುದಿನ ಬೆಳಿಗ್ಗೆ ಕಾಫಿ ಹಿಡ್ಕೊಂಡು ಹುಡುಕಿದೆ. ತಂಗಿ ಮಗಳು 60 ತುಂಬಿ ಮುದುಕಿಯಾಗೇ ಸತ್ತಿದ್ಲು. ಅವಳ ಕೊನೇ ಮಾತು, ಇಂಗ್ಲಿಷಲ್ಲಿ ಎರಡೇ ಪದ: ಕೀ ಎಲ್ಲಿ.