ಒತ್ತಕ್ಷರಕ್ಕಾಗಿ ಗೋಡೋ 3ರಿಂದ 4ಕ್ಕೆ: ‘ಅಡಿಕೆ ಅಂಗಳ’ದ ಕೆಲಸ ಎಲ್ಲಿಗೆ ಬಂತು

ಜುಲೈ 6, 2025, ಭಾನುವಾರ

ಮಳೆ ಹಿಡಿದು ಕೂತಿದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು ಅಂದ್ರೆ ಒಂದು ದಿನವಾದ್ರೂ ಹೊಳವಾಗಬೇಕು, ಆಗ್ತಾ ಇಲ್ಲ. ತೋಟದ ಕೆಲಸ ಇಲ್ಲದ ಮೇಲೆ ಇನ್ನೇನು, ಎರಡು ವರ್ಷದಿಂದ ಮುಂದೆ ಹಾಕುತ್ತಾ ಬಂದಿದ್ದಕ್ಕೆ ಇವತ್ತು ಕೈ ಹಾಕಿದೆ. ನಾನು ಮಾಡಿದ ‘ಅಡಿಕೆ ಅಂಗಳ’ವನ್ನು ಗೋಡೋ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್‌ನ 3.5ನೇ ವರ್ಷನ್ನಿನಿಂದ 4.4ಕ್ಕೆ ತರುವುದು.

ಅಡಿಕೆ ಅಂಗಳ ಅಂದ್ರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳವೇ. ಪರದೆ ಮೇಲೆ ಅಂಗಳದ ಚಿತ್ರ ಬರುತ್ತದೆ. ಅಡಿಕೆ ಕೊನೆಯನ್ನು (ಗೊಂಚಲನ್ನು) ಮುಟ್ಟಿದರೆ ಕೊಯ್ಲಿನ ವಿಡಿಯೊ, ಮೆಟ್ಟುಗತ್ತಿ ಮುಟ್ಟಿದರೆ ಸುಲಿಯುವ ಸದ್ದು, ಒಲೆ ಮುಟ್ಟಿದರೆ ಚೊಗರಲ್ಲಿ (ಅಡಿಕೆ ಬೇಯಿಸಿದ ಕೆಂಪು ನೀರಲ್ಲಿ) ಅಡಿಕೆ ಬೇಯುವ ದೃಶ್ಯ. ಮಧ್ಯೆ ಮಧ್ಯೆ ದೊಡ್ಡಪ್ಪನ ದನಿಯಲ್ಲಿ ವಿವರಣೆ. ಕೊನೆಗೆ ಒಂದು ಸಣ್ಣ ಆಟ: ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು ಅನ್ನುವ ಅಡಿಕೆಯ ಬಗೆಗಳನ್ನು ಬೇರೆ ಬೇರೆ ಮಾಡಿ ಬುಟ್ಟಿಗೆ ಹಾಕಬೇಕು. ಅಕ್ಕನ ಮಕ್ಕಳು ಬರುವುದು ಬೇಸಿಗೆ ರಜಕ್ಕೆ, ನಮ್ಮ ಕೊಯ್ಲು ನಡೆಯುವುದು ಚಳಿಯಲ್ಲಿ. ಅಡಿಕೆ ಮನೆಯ ಮಕ್ಕಳಾಗಿ ಅವರು ಅಡಿಕೆ ಸುಲಿಯುವುದನ್ನು ನೋಡೇ ಇಲ್ಲ. ಅದಕ್ಕೇ ಶುರು ಮಾಡಿದ್ದು.

ಗೋಡೋವನ್ನು ಎಲ್ಲರೂ ಗೇಮ್ ಮಾಡೋಕೆ ಬಳಸುತ್ತಾರೆ. ಚಿತ್ರ, ಸದ್ದು, ವಿಡಿಯೊ, ಅನಿಮೇಶನ್ ಎಲ್ಲ ಒಂದೇ ಕಡೆ ಜೋಡಿಸಬಹುದಲ್ಲ, ನನಗೆ ಅಷ್ಟು ಸಾಕು. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ ಸಾಫ್ಟ್‌ವೇರ್ ಇದು. 2014ರಿಂದ ಓಪನ್ ಸೋರ್ಸ್, ಎಂಐಟಿ ಲೈಸೆನ್ಸ್, ಅಂದ್ರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ದುಡ್ಡು ಕೊಡಬೇಕಾಗಿಲ್ಲ.

ಸರಿಯಾಗೇ ನಡೆಯುತ್ತಿದ್ದದ್ದನ್ನು ಯಾಕೆ ಕೆದಕಬೇಕು? ಒತ್ತಕ್ಷರಕ್ಕಾಗಿ.

3ನೇ ವರ್ಷನ್‌ಗೆ ಅಕ್ಷರ ಕೂಡಿಸುವುದು ಗೊತ್ತಿಲ್ಲ. ಒಂದು ಯೂನಿಕೋಡ್ ಸಂಕೇತ ಬಂದರೆ ಒಂದು ಆಕಾರ ಇಡುತ್ತದೆ, ಪಕ್ಕದಲ್ಲಿ ಇನ್ನೊಂದು ಇಡುತ್ತದೆ, ಮುಗೀತು. ಇಂಗ್ಲಿಷಿಗೆ ಅಷ್ಟು ಸಾಕು. ‘ಮೆಟ್ಟುಗತ್ತಿ’ ಅಂತ ಟೈಪ್ ಮಾಡಿದರೆ ಮೊದಲು ತಲೆಕಟ್ಟಿನ ಮ, ಪಕ್ಕದಲ್ಲಿ ಬಿಡಿಯಾಗಿ ನಿಂತ ಎತ್ವ, ಒಂದು ಟ, ಒಂದು ಕೊಂಡಿ, ಆಮೇಲೆ ಇನ್ನೊಂದು ಪೂರ್ತಿ ಟ. ಜಾತ್ರೆಯಲ್ಲಿ ಕೈ ಬಿಟ್ಟುಹೋದ ಮಕ್ಕಳ ಹಾಗೆ. ಅಡಿಕೆ ವಿಷಯದಲ್ಲಿ ಒತ್ತಕ್ಷರ ಬಿಟ್ಟು ಮಾತಾಡೋದು ಹೇಗೆ ಹೇಳಿ? ಬೆಟ್ಟೆ, ಕತ್ತಿ, ಬುಟ್ಟಿ, ಚಪ್ಪರ, ಕೊಯ್ಲು. ‘ಹಾಳೆ’, ‘ಹಸ’ ಇಂಥ ಎರಡು ಮೂರು ಸಾಧು ಪದ ಬಿಟ್ಟರೆ ಉಳಿದದ್ದೆಲ್ಲ ಒತ್ತಿನವೇ.

ಹಾಗಾಗಿ ಆಗ ಮಾಡಿದ ಉಪಾಯ ಏನಂದ್ರೆ, ಪ್ರತಿ ಪದ, ಪ್ರತಿ ವಾಕ್ಯವನ್ನೂ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಬರೆದು ಚಿತ್ರವಾಗಿ ತಂದು ಅಂಟಿಸುವುದು. ಒಟ್ಟು 186 ಪಿಎನ್‌ಜಿ ಫೈಲು. ಅಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ದೊಡ್ಡಪ್ಪ ಇದ್ದಾರಲ್ಲ. “ಅದು ಹಂಡೆ ಅಲ್ಲ ಮಾರಾಯ, ಕೊಪ್ಪರಿಗೆ. ಹಂಡೆ ಬಚ್ಚಲಲ್ಲಿರೋದು.” “ಅಟ್ಟ ಅಂದ್ರೆ ಮನೆ ಒಳಗಿಂದು. ಅಂಗಳದ್ದಕ್ಕೆ ಚಪ್ಪರ ಅಂತ ಹಾಕು.” ಅವರು ಹೇಳುವುದು ಸರಿಯೇ. ಆದರೆ ಒಂದು ಪದ ತಿದ್ದೋಕೆ ನನಗೆ ಹತ್ತು ನಿಮಿಷ. ಹಂಡೆ 14 ಕಡೆ ಇತ್ತು. ಕೊನೆ ಕೊನೆಗೆ ಅವರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರೆ ನಾನು ಲ್ಯಾಪ್‌ಟಾಪ್ ಮುಚ್ಚಿ ಏಳುತ್ತಿದ್ದೆ.

4.0 ಬಂದಿದ್ದು 2023ರ ಮಾರ್ಚ್ 1ಕ್ಕೆ. ಅದರಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಹಾರ್ಫ್‌ಬಜ್ ಅನ್ನುವ ಲೈಬ್ರರಿ (ಸಿದ್ಧ ಕೋಡ್) ಸೇರಿಸಿದರು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಕನ್ನಡ ನೆಟ್ಟಗೆ ಕಾಣುವುದು ಇದರಿಂದಲೇ. ಪರ್ಷಿಯನ್ ಹೆಸರು: ಹರ್ಫ್ ಅಂದ್ರೆ ಅಕ್ಷರ, ಬಾಜ್ ಅಂದ್ರೆ ತೆರೆದದ್ದು. ‘ಓಪನ್ ಟೈಪ್’ ಅನ್ನುವ ಫಾಂಟ್ ಮಾದರಿಯ ಹೆಸರನ್ನೇ ಪರ್ಷಿಯನ್‌ಗೆ ತಿರುಗಿಸಿ ಇಟ್ಟಿದ್ದಾರೆ.

ಇವತ್ತು ಮಾಡಿದ್ದು ಇಷ್ಟೇ: ಹಳೆ ಫೋಲ್ಡರನ್ನು ಎರಡು ಕಡೆ ಕಾಪಿ ಮಾಡಿದೆ. ಒಂದಕ್ಕೆ ‘ಅಂಗಳ ಹಳೇದು ಮುಟ್ಟಬೇಡ’ ಅಂತ ಹೆಸರಿಟ್ಟೆ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ, ಅಕ್ಕಿ ಡಬ್ಬಿಯೊಳಗೆ. ಈ ಥಂಡಿಗೆ ಅದೇ ಸರಿ.

ಜುಲೈ 9, ಬುಧವಾರ

ಅಡಿಕೆ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆ. ಗೆಳೆಯನ ರೂಮಲ್ಲಿ ಕೂತು ಡೌನ್‌ಲೋಡ್ ಮಾಡಿಕೊಂಡೆ. ನಮ್ಮೂರಲ್ಲಿ ಈಗ ಗುಡ್ಡದ ತುದಿಗೆ ಹೋದರೆ ಎರಡು ಕಡ್ಡಿ ಸಿಗ್ನಲ್, ಅಲ್ಲಿ ಉಂಬಳ (ಜಿಗಣೆ). ಗೋಡೋಗೆ ಇನ್‌ಸ್ಟಾಲ್ ಅನ್ನೋ ರಗಳೆ ಇಲ್ಲ, ಜಿಪ್ ಬಿಚ್ಚಿ ಓಡಿಸಿದರೆ ಆಯ್ತು. ಹಳೆಯದೂ ಹೊಸದೂ ಅಕ್ಕಪಕ್ಕ ಇರಬಹುದು. ಮಾಡಿದ್ದನ್ನು ಬೇರೆ ಕಡೆ ಓಡುವಂತೆ ಕಟ್ಟಿಕೊಡೋಕೆ ಬೇಕಾದ ಎಕ್ಸ್‌ಪೋರ್ಟ್ ಟೆಂಪ್ಲೇಟ್ ಬೇರೆ ಫೈಲು, ಅದು ದೊಡ್ಡದು. ಅದನ್ನೂ ತಂದೆ.

ಜುಲೈ 12, ಶನಿವಾರ

ಮಧ್ಯಾಹ್ನದವರೆಗೆ ಕರೆಂಟ್ ಇರಲಿಲ್ಲ. ಬಂದ ಕೂಡಲೇ ಹಳೆ ಪ್ರಾಜೆಕ್ಟನ್ನು 4.4ರಲ್ಲಿ ತೆರೆದೆ. ಇದು ಹಳೇ ವರ್ಷನ್ನಿನದು, ಪೂರ್ತಿ ಬದಲಾಯಿಸಲಾ ಅಂತ ಕೇಳಿತು. ಹೂಂ ಅಂದೆ. ಒಮ್ಮೆ ಹೂಂ ಅಂದ ಮೇಲೆ ವಾಪಸ್ ಬರೋ ದಾರಿ ಇಲ್ಲ, ಹಾಗಾಗಿ ಕಾಪಿ ಮೇಲೇ ಮಾಡಿ.

ತೆರೆದುಕೊಂಡಿತು, ಕೆಳಗೆ ತಪ್ಪು ತೋರಿಸುವ ಕೆಂಪು ಸಾಲುಗಳು 143.

ಹೆಸರು ಬದಲಾದದ್ದನ್ನೆಲ್ಲ ಪರಿವರ್ತಕವೇ ಸರಿ ಮಾಡಿತ್ತು. ಸ್ಪ್ರೈಟ್ ಈಗ ಸ್ಪ್ರೈಟ್2ಡಿ, ವಿಡಿಯೊ ಪ್ಲೇಯರ್ ಈಗ ವಿಡಿಯೊ ಸ್ಟ್ರೀಮ್ ಪ್ಲೇಯರ್. ‘ದೊಡ್ಡಪ್ಪನ ಮಾತು ಮುಗಿಯೋವರೆಗೆ ಕಾಯಿ’ ಅನ್ನೋಕೆ ಮೊದಲು ಯೀಲ್ಡ್ ಬರೀತಿದ್ದೆವು, ಈಗ ಅವೇಯ್ಟ್. ಅದರಲ್ಲಿ ಸುಮಾರನ್ನು ಪರಿವರ್ತಕವೇ ಮಾಡಿತ್ತು, ಕೆಲವು ಕಡೆ ಆವರಣ ಚಿಹ್ನೆ ಎಡವಟ್ಟಾಗಿತ್ತು, ಕೈಯಲ್ಲಿ ತಿದ್ದಿದೆ.

ಟ್ವೀನ್ ಮಾತ್ರ ಒಂದೂ ಬರಲಿಲ್ಲ. ಟ್ವೀನ್ ಅಂದ್ರೆ ಒಂದು ವಸ್ತುವನ್ನು ಇಲ್ಲಿಂದ ಅಲ್ಲಿಗೆ ನಯವಾಗಿ ಸರಿಸುವುದು. 3ರಲ್ಲಿ ಅದು ಒಂದು ನೋಡ್ (ಪ್ರಾಜೆಕ್ಟಿನ ಒಂದು ಬಿಡಿಭಾಗ), ನೋಡ್‌ಗಳ ಪಟ್ಟಿಯಲ್ಲಿ ಇಟ್ಟುಕೊಂಡಿರಬೇಕಿತ್ತು. 4ರಲ್ಲಿ ಆ ನೋಡನ್ನೇ ತೆಗೆದುಹಾಕಿದ್ದಾರೆ, ಬೇಕಾದಾಗ ಕೋಡ್‌ನಲ್ಲೇ ಹುಟ್ಟಿಸಿಕೊಳ್ಳಬೇಕು. ಅಡಿಕೆ ಬುಟ್ಟಿಗೆ ಬೀಳುವುದು, ಕೊನೆ ಹಗ್ಗದ ಮೇಲೆ ಜಾರಿ ಬರುವುದು, ಹೊಗೆ ಏಳುವುದು, ಎಲ್ಲ ಟ್ವೀನ್. 31 ಕಡೆ ಮತ್ತೆ ಬರೆದೆ. ಹೊಸ ರೀತಿಯೇ ಚೆಂದ ಅನ್ನಿ. ಮೊದಲು ಆರು ಸಾಲು ಬೇಕಿದ್ದ ಕಡೆ ಈಗ ಎರಡು. ಆದರೆ 31ನ್ನೂ ಬರೆಯುವಾಗ ಆ ಚೆಂದ ಕಾಣಲಿಲ್ಲ.

ನನ್ನ ಲ್ಯಾಪ್‌ಟಾಪ್ ಹಳೆಯದು, ವಲ್ಕನ್ ಅನ್ನುವ ಹೊಸ ಗ್ರಾಫಿಕ್ಸ್ ವ್ಯವಸ್ಥೆ ಬರಲ್ಲ. ಮೇಲೆ ಬಲಮೂಲೆಯಲ್ಲಿ ರೆಂಡರರ್ (ಚಿತ್ರ ಮೂಡಿಸುವ ವಿಧಾನ) ಬದಲಾಯಿಸುವ ಜಾಗ ಇದೆ, ಅಲ್ಲಿ ಕಂಪ್ಯಾಟಿಬಿಲಿಟಿ ಆರಿಸಿದೆ. 2ಡಿ ಕೆಲಸಕ್ಕೆ ಅದು ಧಾರಾಳ. ಬ್ರೌಸರ್‌ಗೆ ಕೊಡೋದಾದರೂ ಅದೇ ಬೇಕು.

ಜುಲೈ 13, ಭಾನುವಾರ

ಇವತ್ತು ಒಂದು ಲೇಬಲ್ (ಪಠ್ಯ ತೋರಿಸುವ ಭಾಗ) ಇಟ್ಟು, ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಎಳೆದು ಹಾಕಿ, ‘ಮೆಟ್ಟುಗತ್ತಿ’ ಅಂತ ಟೈಪ್ ಮಾಡಿದೆ.

ಬಂತು! ಎತ್ವ ಮ ಮೇಲೆ ಕೂತಿತ್ತು, ಟ ಕೆಳಗೆ ಒತ್ತು ಇಳಿದಿತ್ತು, ತ್ತಿಯ ಗುಡಿಸು ಸುತ್ತಿಕೊಂಡಿತ್ತು. ಆಮೇಲೆ ಸುಮ್ನೆ ಹುಚ್ಚು ಹಿಡಿದವನ ಹಾಗೆ ‘ತೀರ್ಥಹಳ್ಳಿ’ ಹೊಡೆದೆ, ಅರ್ಕಾವತ್ತು ಥ ಆದಮೇಲೆ ಬಂದು ನಿಂತಿತ್ತು. ‘ಸ್ತ್ರೀ’ ಹೊಡೆದೆ. ಅದೂ ಸರಿ.

ದೊಡ್ಡಪ್ಪನನ್ನು ಕರೆದು ತೋರಿಸಿದೆ. ನೋಡಿದರು. “ಎಂತ ವಿಶೇಷ ಇದ್ರಲ್ಲಿ? ಮೊದ್ಲೂ ಹಿಂಗೇ ಇತ್ತಲ್ಲ” ಅಂದರು. ಅವರು ನೋಡಿದ್ದು ಯಾವಾಗಲೂ ಚಿತ್ರಗಳನ್ನೇ, ಅವರಿಗೆ ಹೇಗೆ ಗೊತ್ತಾಗಬೇಕು.

ಸಂಜೆ ಒಂದು ತಮಾಷೆ. ದೊಡ್ಡಪ್ಪ ಮಾತಾಡುವಾಗ ಅದೇ ಮಾತು ಕೆಳಗೆ ಒಂದೊಂದೇ ಅಕ್ಷರವಾಗಿ ಮೂಡಬೇಕು ಅನ್ನೋದು ಬಹಳ ದಿನದ ಆಸೆ. ಚಿತ್ರದಲ್ಲಿ ಅದು ಆಗ್ತಿರಲಿಲ್ಲ. ಈಗ ಲೇಬಲ್‌ಗೆ ‘ಇಷ್ಟು ಅಕ್ಷರ ಮಾತ್ರ ತೋರಿಸು’ ಅನ್ನಬಹುದು. ಅಂದೆ. ಅಕ್ಷರಗಳು ಕುಣಿಯತೊಡಗಿದವು. ಮ ಬಂತು, ಮೆ ಆಯ್ತು, ಮೆಟ, ಮೆಟ್, ಮೆಟ್ಟ, ಮೆಟ್ಟು. ಕನ್ನಡ ಕಣ್ಣಿಗೆ ಮೆಟ್ಟುಗತ್ತಿ ನಾಲ್ಕೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 11. ಅದು ಆ ಹನ್ನೊಂದನ್ನೂ ಒಂದೊಂದಾಗಿ ಎಣಿಸಿ, ಪ್ರತಿ ಸಲ ಇದ್ದಷ್ಟನ್ನು ಕೂಡಿಸಿ ತೋರಿಸುತ್ತಿತ್ತು. ಓದುವವರಿಗೆ ತಲೆ ತಿರುಗುತ್ತದೆ.

ಒಂದು ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಲೇಬಲ್‌ನಲ್ಲೇ ಒಂದು ಆಯ್ಕೆ ಇದೆ: ಎಣಿಕೆಗೆ ತಕ್ಕಂತೆ ಕತ್ತರಿಸುವುದು ಅಕ್ಷರ ಕೂಡಿಸುವ ಮುಂಚೆಯೋ, ಆಮೇಲೋ. ತಾನಾಗಿ ಇರುವುದು ‘ಮುಂಚೆ’. ‘ಆಮೇಲೆ’ ಮಾಡಿದೆ. ಈಗ ಮೆ, ಟ್ಟು, ಗ, ತ್ತಿ ಅಂತ ಇಡಿ ಇಡಿಯಾಗಿ ಬರುತ್ತವೆ. ಕನ್ನಡದಲ್ಲಿ ಇಂಥದ್ದು ಮಾಡುವವರು ಇದೊಂದನ್ನು ನೆನಪಿಟ್ಟುಕೊಳ್ಳಿ. ನನ್ನ ಒಂದು ಗಂಟೆ ನಿಮಗಾದರೂ ಉಳಿಯಲಿ.

ಜುಲೈ 20, ಭಾನುವಾರ

ವಿಡಿಯೊ ಒಂದೂ ಓಡುತ್ತಿಲ್ಲ ಅಂತ ಮೊನ್ನೆಯೇ ಗೊತ್ತಾಗಿತ್ತು. ನನ್ನ 11 ತುಣುಕುಗಳೂ ವೆಬ್‌ಎಮ್ ಅನ್ನುವ ವಿಡಿಯೊ ಮಾದರಿಯವು. 3ರಲ್ಲಿ ಅದು ನಡೆಯುತ್ತಿತ್ತು, 4ರಲ್ಲಿ ತೆಗೆದಿದ್ದಾರೆ. ಈಗ ನೇರವಾಗಿ ಓಡುವುದು ಆಗ್ ಥಿಯೋರಾ ಒಂದೇ. ಎಂಪಿ4 ಮೊದಲೂ ಇರಲಿಲ್ಲ. ವಿಡಿಯೊ ಮಾದರಿ ಬದಲಾಯಿಸುವ ಎಫ್‌ಎಫ್‌ಎಂಪೆಗ್‌ಗೆ ಎಲ್ಲವನ್ನೂ ಕೊಟ್ಟು ಗುಣಮಟ್ಟ 6 ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ನಾಲ್ಕನೆಯದರ ಅರ್ಧಕ್ಕೆ ಕರೆಂಟ್ ಹೋಗಿ, ಲ್ಯಾಪ್‌ಟಾಪ್ ಬ್ಯಾಟರಿಯೂ ಸತ್ತಿತ್ತು. ಎರಡನೇ ರಾತ್ರಿ ಮುಗೀತು. ಕೊನೆಗಾರ ಮರದಿಂದ ಮರಕ್ಕೆ ದಾಟುವ ದೃಶ್ಯದಲ್ಲಿ ಎಲೆಗಳ ಅಂಚು ಸ್ವಲ್ಪ ಕಲಸಿದ ಹಾಗೆ ಕಾಣುತ್ತದೆ. ಅದೊಂದಕ್ಕೆ 8 ಇಟ್ಟು ಮತ್ತೆ ಮಾಡಿದೆ. ಉಳಿದವು ನಡೆಯುತ್ತವೆ.

ಜುಲೈ 27, ಭಾನುವಾರ

ಈ ವಾರ ರಾತ್ರಿ ಊಟ ಆದಮೇಲೆ ದಿನಾ ಒಂದಿಷ್ಟು ಪಿಎನ್‌ಜಿ ತೆಗೆದು ಪಠ್ಯ ಹಾಕುತ್ತಾ ಬಂದೆ. 186ರಲ್ಲಿ 185 ಹೋದವು. ಒಂದನ್ನು ಮಾತ್ರ ಬಿಟ್ಟೆ, ‘ಅಡಿಕೆ ಅಂಗಳ’ ಅನ್ನುವ ಹೆಸರು. ಅದು ಅತ್ತಿಗೆ ರಂಗೋಲಿ ಪುಡಿಯಲ್ಲಿ ಅಂಗಳದಲ್ಲೇ ಬರೆದು ಫೋಟೊ ತೆಗೆದಿದ್ದು. ಯಾವ ಫಾಂಟೂ ಅದರ ಹತ್ತಿರ ಬರಲ್ಲ.

ಇವತ್ತು ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಮಾಡಿದೆ. 4.0 ಬಂದಾಗ ಇದು ಕಷ್ಟ ಇತ್ತು, ಸರ್ವರ್ ಕಡೆಯಿಂದ ವಿಶೇಷ ಹೆಡರ್‌ಗಳು ಬೇಕಿದ್ದವು. 2024ರ ಆಗಸ್ಟಿನ 4.3ರಲ್ಲಿ ಥ್ರೆಡ್ (ಏಕಕಾಲಕ್ಕೆ ಹಲವು ಕೆಲಸ ನಡೆಸುವ ವ್ಯವಸ್ಥೆ) ಇಲ್ಲದ ಎಕ್ಸ್‌ಪೋರ್ಟ್ ಕೊಟ್ಟ ಮೇಲೆ ಆ ತಲೆನೋವು ಹೋಯ್ತು. ಎರಡು ವರ್ಷ ಸುಮ್ಮನಿದ್ದದ್ದು ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. (ಸೋಮಾರಿಗೂ ಒಂದು ಕಾಲ.)

ತೆರೆದರೆ ಆಟದ ಪರದೆ ತುಂಬಾ ಚೌಕಾಕಾರದ ಡಬ್ಬಿಗಳು. ಹಸ ಡಬ್ಬಿ, ಬೆಟ್ಟೆ ಡಬ್ಬಿ, ಗೊರಬಲು ಡಬ್ಬಿ. ಬೇರೆ ಪರದೆಗಳಲ್ಲಿ ಕನ್ನಡ ಸರಿಯಾಗಿತ್ತು. ತಪ್ಪು ನನ್ನದೇ. ಆಟದ ಲೇಬಲ್‌ಗಳಿಗೆ ಫಾಂಟ್ ಹಾಕುವುದನ್ನೇ ಮರೆತಿದ್ದೆ. ಲ್ಯಾಪ್‌ಟಾಪಿನಲ್ಲಿ ಗೊತ್ತೇ ಆಗಲಿಲ್ಲ, ಯಾಕಂದ್ರೆ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಅದು ಸಿಸ್ಟಮ್‌ನಲ್ಲಿರುವ ಕನ್ನಡ ಫಾಂಟನ್ನು ಸದ್ದಿಲ್ಲದೆ ಎರವಲು ತರುತ್ತದೆ. ಬ್ರೌಸರ್‌ನಲ್ಲಿ ಆ ಎರವಲು ಸಿಗಲ್ಲ. ಒಂದೊಂದಕ್ಕೇ ಹಾಕುವ ಬದಲು ಇಡೀ ಪ್ರಾಜೆಕ್ಟಿಗೆ ಒಂದು ಥೀಮ್ ಮಾಡಿ ಅದರಲ್ಲಿ ನೋಟೊ ಇಟ್ಟೆ. ಬುಟ್ಟಿಗಳ ಮೇಲಿನ ಹೆಸರಿಗೆ ಮಾತ್ರ ಬಲೂ ತಮ್ಮ ಅನ್ನುವ ಫಾಂಟ್, ಅದರ ದುಂಡಗಿನ ಅಕ್ಷರ ಅಡಿಕೆ ಪಕ್ಕ ಒಪ್ಪುತ್ತದೆ.

ಆಗಸ್ಟ್ 3, ಭಾನುವಾರ

ನಿನ್ನೆ ಹೊಳವಾಗಿತ್ತು. ಔಷಧಿ ಹೊಡೆಸಿದ್ದೂ ಆಯ್ತು.

ಇವತ್ತು ದೊಡ್ಡಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿಂದ ಕೊನೆವರೆಗೆ ಓಡಿಸಿದೆ. ಒಂಬತ್ತು ಕಡೆ ತಿದ್ದಿಸಿದರು. ಒಂಬತ್ತನ್ನೂ ಅವರೆದುರಿಗೇ ಟೈಪ್ ಮಾಡಿ ತೋರಿಸಿದೆ, ಕಾಫಿ ಆರುವುದರೊಳಗೆ. ಹತ್ತನೆಯದಕ್ಕೆ ಅವರಿಗೇ ಅನುಮಾನ ಬಂತು, “ಇರ್ಲಿ, ನಿನ್ನ ದೊಡ್ಡಮ್ಮನ್ನ ಕೇಳ್ತೆ” ಅಂತ ಎದ್ದು ಹೋದರು.

ಉಳಿದಿರುವುದು ಒಂದೇ. ಕೊಪ್ಪರಿಗೆ ಕುದಿಯುವ ಸದ್ದಿನ ಹಿಂದೆ ಯಾರೋ ಮಿಕ್ಸಿ ತಿರುಗಿಸಿದ್ದು ಕೇಳುತ್ತದೆ. ಹಳೆ ವರ್ಷನ್ನಿನಿಂದಲೂ ಇದೆ, ಇದನ್ನು ಯಾವ ಅಪ್‌ಗ್ರೇಡೂ ಸರಿ ಮಾಡಲ್ಲ. ಮೊದಲ ಕೊಯ್ಲಿಗೆ ಒಲೆ ಹಚ್ಚಿದ ದಿನ ಮತ್ತೆ ರೆಕಾರ್ಡ್ ಮಾಡಬೇಕು. ಅವತ್ತು ಚಟ್ನಿ ಬೇಡ ಅಂತ ಅತ್ತಿಗೆಗೆ ಈಗಲೇ ಹೇಳಿಟ್ಟಿದ್ದೇನೆ.