ಎಂ.ಟೆಕ್ ಥೀಸಿಸ್: ಮೊದಲೇ ಗೊತ್ತಿರುವ ಉತ್ತರಗಳ ಬಗ್ಗೆ

ಮ್ಯಾನುಫ್ಯಾಕ್ಚರಿಂಗ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡುವವರ ಮೊದಲ ವರ್ಷದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬಿ.ಇ.ಯಲ್ಲಿ ಓದಿದ ಮೆಟಲ್ ಕಟ್ಟಿಂಗ್, ಕ್ಯಾಸ್ಟಿಂಗ್, ವೆಲ್ಡಿಂಗ್‌ಗಳೇ ಇನ್ನಷ್ಟು ಗಣಿತವನ್ನು ಹೊತ್ತು ಮರಳಿ ಬರುತ್ತವೆ. ಓದಿನ ನಿಜವಾದ ಪರೀಕ್ಷೆ ನಡೆಯುವುದು ಎರಡನೇ ವರ್ಷದಲ್ಲಿ, ಥೀಸಿಸ್‌ಗಾಗಿ ಲೋಹವನ್ನು ತಿರುಗಿಸಿ ಕತ್ತರಿಸುವ ಲೇತ್ ಯಂತ್ರದ ಮುಂದೆ ನಿಂತಾಗ.

ನಮ್ಮ ವಿಭಾಗದ ಗ್ರಂಥಾಲಯದಲ್ಲಿ ಹಳೆಯ ಥೀಸಿಸ್‌ಗಳನ್ನು ತಿರುವಿ ಹಾಕಿದಾಗ ಒಂದೇ ಅಚ್ಚಿನ ಕೆಲಸಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದವು: ಕಟ್ಟಿಂಗ್ ಸ್ಪೀಡ್, ಫೀಡ್ (ಲೋಹ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸಾಗುವ ದೂರ), ಡೆಪ್ತ್ ಆಫ್ ಕಟ್ (ಕತ್ತರಿಸುವ ಆಳ) ಎಂಬ ಮೂರು ಅಂಶಗಳಿಗೆ ಮೂರು ಮೂರು ಮಟ್ಟಗಳನ್ನು ಇಟ್ಟುಕೊಂಡು, ಆಯ್ದ ಕೆಲವು ಜೋಡಣೆಗಳನ್ನಷ್ಟೇ ಪರೀಕ್ಷಿಸುವ, ಜಪಾನಿನ ಎಂಜಿನಿಯರ್ ಟಾಗುಚಿಯ ಎಲ್9 ಕೋಷ್ಟಕದಂತೆ 9 ಪ್ರಯೋಗಗಳನ್ನು ಮಾಡಿ, ಮೇಲ್ಮೈಯ ಒರಟುತನದ ಮೇಲೆ ಫೀಡ್‌ನ ಪ್ರಭಾವವೇ ಅತಿ ಹೆಚ್ಚು ಎಂಬ ತೀರ್ಮಾನಕ್ಕೆ ಬರುವುದು. ಎಲ್ಲ ಜೋಡಣೆಗಳ 27 ಪ್ರಯೋಗಗಳ ಬದಲು 9ರಲ್ಲೇ ಕೆಲಸ ಮುಗಿಯುತ್ತದೆಂಬುದು ಸಣ್ಣ ಲಾಭವಲ್ಲ. ಟೂಲ್‌ನ ತುದಿಗೆ ಕೂರಿಸುವ ಕಾರ್ಬೈಡ್ ಇನ್ಸರ್ಟ್‌ಗಳಿಗೆ ಕೈಯಿಂದ ಹಣ ಹಾಕಿದವರಿಗೆ ಅದು ಚೆನ್ನಾಗಿ ಗೊತ್ತು. ಆದರೆ ಆ ತೀರ್ಮಾನಕ್ಕೆ ಲೇತ್ ಚಾಲೂ ಮಾಡಬೇಕಾಗಿಯೇ ಇರಲಿಲ್ಲ. ಟೂಲ್‌ನ ದುಂಡು ಮೂಗು ಮುಂದೆ ಸಾಗುತ್ತಾ ಬಿಟ್ಟುಹೋಗುವ ಏಣುಗಳ ಎತ್ತರವು ಫೀಡ್‌ನ ವರ್ಗವನ್ನು ಮೂಗಿನ ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದಷ್ಟು ಎಂದು ಬರೀ ಜ್ಯಾಮಿತಿಯೇ ಹೇಳುತ್ತದೆ. ತ್ರಿಜ್ಯ 0.8 ಮಿ.ಮೀ. ಇದ್ದು, ಪ್ರತಿ ಸುತ್ತಿಗೂ 0.2 ಮಿ.ಮೀ. ಫೀಡ್ ಕೊಟ್ಟರೆ ಏಣಿನ ಎತ್ತರ ಸುಮಾರು 6.25 ಮೈಕ್ರಾನ್; ಫೀಡನ್ನು ಅರ್ಧಕ್ಕಿಳಿಸಿದರೆ ಅದು ಕಾಲು ಭಾಗಕ್ಕೆ, ಅಂದರೆ 1.56ಕ್ಕೆ ಇಳಿಯುತ್ತದೆ.

ಕುತೂಹಲದ ಸಂಗತಿ ಇರುವುದು ಈ ಸೂತ್ರ ಕೈಕೊಡುವಲ್ಲಿ. ಫೀಡನ್ನು ಇನ್ನೂ ಇಳಿಸುತ್ತಾ ಹೋದಂತೆ ಒರಟುತನ ಸೂತ್ರ ಹೇಳಿದಷ್ಟು ಇಳಿಯುವುದಿಲ್ಲ, ಕೆಲವೊಮ್ಮೆ ಏರುವುದೂ ಉಂಟು. ಏಕೆಂದರೆ ಚಿಪ್ (ಕತ್ತರಿಸಿ ಹೊರಬರುವ ಲೋಹದ ಸುರುಳಿ) ತೀರಾ ತೆಳುವಾದಾಗ ಟೂಲ್‌ನ ಅಂಚು ಲೋಹವನ್ನು ಕತ್ತರಿಸುವ ಬದಲು ಉಜ್ಜುತ್ತದೆ, ಕಡಿಮೆ ವೇಗದಲ್ಲಿ ಉಕ್ಕಿನ ಚೂರುಗಳು ಅಂಚಿಗೇ ಮೆತ್ತಿಕೊಂಡು ಆಗಾಗ ಕಿತ್ತುಬರುತ್ತವೆ, ಇದರ ಜೊತೆಗೆ ಯಂತ್ರದ ಕಂಪನವೂ ಸೇರಿಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಕಾರಣ ಎಂದು ಬಿಡಿಸಿ ಹೇಳಲು ಎಲ್9 ಸಾಲದು, ಅಂಶಗಳು ಒಂದರೊಡನೊಂದು ಬೆರೆತು ಉಂಟುಮಾಡುವ ಪರಿಣಾಮ ಅದರಲ್ಲಿ ಮುಖ್ಯ ಪರಿಣಾಮಗಳೊಳಗೇ ಕಲಸಿಹೋಗುತ್ತದೆ.

ವಿಮಾನದ ಬಿಡಿಭಾಗಗಳಿಗೆ ಬಳಸುವ ಟೈಟಾನಿಯಂ ಮಿಶ್ರಲೋಹವನ್ನು ಆರಿಸಿಕೊಂಡವರಿಗೆ ಇಂಥ ಪ್ರಶ್ನೆಗಳು ತಾವಾಗಿಯೇ ಎದುರಾಗುತ್ತವೆ. ಅದರ ಉಷ್ಣವಾಹಕತೆ ಸಾಮಾನ್ಯ ಇಂಗಾಲದ ಉಕ್ಕಿನ ಸುಮಾರು ಏಳನೇ ಒಂದರಷ್ಟು ಮಾತ್ರ ಇರುವುದರಿಂದ, ಚಿಪ್‌ನೊಡನೆ ಹೊರಹೋಗಬೇಕಾದ ಶಾಖದ ಬಹುಪಾಲು ಟೂಲ್‌ನ ತುದಿಯಲ್ಲೇ ಉಳಿಯುತ್ತದೆ. ಸ್ಥಿತಿಸ್ಥಾಪಕ ಗುಣಾಂಕವೂ (ಬಲಕ್ಕೆ ಮಣಿಯದೆ ನಿಲ್ಲುವ ಬಿಗಿತನದ ಅಳತೆ) ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಆದ್ದರಿಂದ, ಕತ್ತರಿಸಿದ ಮೇಲ್ಮೈ ತುಸು ಹಿಂದಕ್ಕೆ ಚಿಮ್ಮಿ ಟೂಲ್‌ನ ಪಾರ್ಶ್ವವನ್ನು ಉಜ್ಜುತ್ತದೆ. ಸೂಕ್ಷ್ಮದರ್ಶಕದಡಿ ಅದರ ಚಿಪ್‌ನ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಒಂದೊಂದು ಹಲ್ಲು ಮೂಡುವಾಗಲೂ ಕತ್ತರಿಸುವ ಬಲ ಏರಿಳಿಯುತ್ತದೆ. ಪಾರ್ಶ್ವದ ಸವೆತ ಸರಾಸರಿ 0.3 ಮಿ.ಮೀ. ತಲುಪಿದಾಗ ಟೂಲ್‌ನ ಆಯುಸ್ಸು ಮುಗಿಯಿತೆಂದು ಲೆಕ್ಕ ಹಾಕುವುದು ರೂಢಿ.

ಹೊಸದಾಗಿ ಸೇರಿದವರು ವಿಷಯ ಕೇಳಿಕೊಂಡು ಬಂದಾಗ, ಪ್ರಯೋಗಾಲಯದಲ್ಲಿ ಕತ್ತರಿಸುವ ಬಲ ಅಳೆಯುವ ಡೈನಮೊಮೀಟರ್ ಕೆಲಸ ಮಾಡುತ್ತಿದೆಯೇ, ಸೂಕ್ಷ್ಮದರ್ಶಕ ಎಷ್ಟು ಹೊತ್ತು ಕೈಗೆ ಸಿಗುತ್ತದೆ ಎಂಬುದನ್ನು ಮೊದಲು ವಿಚಾರಿಸಿರಿ ಎನ್ನುತ್ತೇನೆ. ಬಲವನ್ನು ಅಳೆಯದೆ, ಇನ್ಸರ್ಟ್‌ನ ಅಂಚನ್ನು ಕಣ್ಣಾರೆ ನೋಡದೆ ಬರೆದ ಥೀಸಿಸ್‌ನಲ್ಲಿ ಯಾವ ಅಂಶದ ಪಾಲು ಎಷ್ಟೆಂಬ ಶೇಕಡಾವಾರು ಕೊಡುಗೆಯ ಕೋಷ್ಟಕ ಇರುತ್ತದೆ, ಕಾರಣ ಇರುವುದಿಲ್ಲ.